ಭಾರದ ಮಷಿನ್ನಿಗೆ ಗಾಲಿ ಕಟ್ಟುವ ಬಗೆ: ಸಣ್ಣ ಶೆಡ್ಡಿನವರಿಗೆ ಸಮಗ್ರ ಮಾರ್ಗದರ್ಶಿ

ಮೈಸೂರಿನ ಮೇಟಗಳ್ಳಿ ಹತ್ತಿರ ನನ್ನ ಮರಗೆಲಸದ ಶೆಡ್ಡು. 12 ಅಡಿ ಅಗಲ, 22 ಅಡಿ ಉದ್ದ. ಅದರೊಳಗೆ 18 ಇಂಚಿನ ಬ್ಯಾಂಡ್‌ಸಾ (ಮೇಲೊಂದು ಕೆಳಗೊಂದು ಚಕ್ರಕ್ಕೆ ಸುತ್ತಿದ ಪಟ್ಟಿ ಗರಗಸ), ಪ್ಲೇನರ್ (ಮರದ ಮೈ ಹೆರೆದು ನಯ ಮಾಡುವ ಮಷಿನ್), ಸರ್ಕ್ಯುಲರ್ ಸಾ, ಪಿಲ್ಲರ್ ಡ್ರಿಲ್ಲು, ಎರಡು ಕೆಲಸದ ಮೇಜು. ಬಾಗಿಲುವಾಡದ 7 ಅಡಿ ಕಂಬವನ್ನು ಪ್ಲೇನರ್ ಮೇಲೆ ಓಡಿಸಬೇಕಾದರೆ ಮಷಿನ್ನಿನ ಮುಂದೆ 7 ಅಡಿ, ಹಿಂದೆ 7 ಅಡಿ ಖಾಲಿ ಇರಬೇಕು. ಮಷಿನ್ನಿನ ಉದ್ದ 4 ಅಡಿ ಸೇರಿದರೆ 18 ಅಡಿ ಆಯಿತು. ಅಂದರೆ ಒಂದೊಂದು ಮಷಿನ್ನಿಗೂ ಇಡೀ ಶೆಡ್ಡಿನ ಉದ್ದ ಬೇಕು. ಎಲ್ಲವನ್ನೂ ನಡುಮಧ್ಯೆ ನಿಲ್ಲಿಸಲು ಆಗುವುದಿಲ್ಲ. ಯಾವುದಕ್ಕೆ ಕೆಲಸವೋ ಅದು ನಡುವಿಗೆ ಬರಬೇಕು, ಉಳಿದವು ಗೋಡೆಗೆ ಹೋಗಬೇಕು. ಇದಕ್ಕೆ ಗಾಲಿ ಬಿಟ್ಟರೆ ಬೇರೆ ದಾರಿಯಿಲ್ಲ.

ಆದರೆ ಗಾಲಿ ಹಾಕುವುದರಲ್ಲಿ ಒಂದು ದೊಡ್ಡ ತಪ್ಪು ನಡೆಯುತ್ತದೆ. ನಾನೂ ಅದನ್ನು ಮಾಡಿದ್ದೇನೆ. ಅದರಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ಬ್ಯಾಂಡ್‌ಸಾಗೆ ಗಾಲಿ ಹಾಕಿದಾಗ ಮಷಿನ್ನಿನ ಬುಡ ಎಷ್ಟಗಲವಿತ್ತೋ ಅಷ್ಟೇ ಅಗಲದ ಹಲಗೆ ಮಾಡಿ, ಅದರ ನಾಲ್ಕು ಮೂಲೆಗೆ ಸುತ್ತ ತಿರುಗುವ ನಾಲ್ಕು ಗಾಲಿ ಬಿಗಿದೆ. ಕೈಯಲ್ಲಿ ತಳ್ಳಿದರೆ ಸಲೀಸಾಗಿ ಓಡಿತು. ಆಯುಧಪೂಜೆಗೆ ಎರಡು ದಿನ ಇರುವಾಗ ಶೆಡ್ಡು ಗುಡಿಸಲು ಅದನ್ನು ಸರಿಸುತ್ತಿದ್ದೆವು. ಅಕ್ಕನ ಮಗ ಮೇಲ್ಗಡೆಯ ಚಕ್ರದ ಕವಚಕ್ಕೆ ಕೈಕೊಟ್ಟು ತಳ್ಳುತ್ತಿದ್ದ. ಕಡಪ ಕಲ್ಲಿನ ಸಂದಿಗೆ ಒಂದು ಗಾಲಿ ಸಿಕ್ಕಿಕೊಂಡಿತು. ಕೆಳಗೆ ನಿಂತಿತು, ಮೇಲೆ ಹೊರಟಿತು. ಹುಡುಗ ಹಿಡಿಯಲು ಹೋದ. "ಬಿಡೋ, ಬಿಟ್ಟು ಹಿಂದಕ್ಕೆ ಬಾ" ಎಂದು ಕೂಗಿದೆ. ಮಷಿನ್ ಓರೆಯಾಗಿ ಗೋಡೆಗೆ ಒರಗಿ ನಿಂತಿತು. ಗಾರೆಯಲ್ಲಿ ಒಂದು ಗೇಣುದ್ದದ ಗೀರು ಇವತ್ತಿಗೂ ಇದೆ, ಸುಣ್ಣ ಬಳಿಸಿದಾಗಲೂ ಅದನ್ನು ಮುಚ್ಚಿಸಲಿಲ್ಲ. ಅವತ್ತು ಗೋಡೆ ಎರಡಡಿ ದೂರವಿದ್ದಿದ್ದರೆ 220 ಕೆಜಿ ಎರಕದ ಕಬ್ಬಿಣ ಆ ಹುಡುಗನ ಮೇಲೆ ಬೀಳುತ್ತಿತ್ತು.

ಮಂಡ್ಯದಲ್ಲಿ ನಮ್ಮ ಭಾವನ ವೆಲ್ಡಿಂಗ್ ಶಾಪು ಇದೆ. ಆಲೆಮನೆಯ ಗಾಣಗಳನ್ನು ರಿಪೇರಿ ಮಾಡುವವರು, ಭಾರದ ಕಬ್ಬಿಣ ಅವರಿಗೆ ದಿನನಿತ್ಯದ ಮಾತು. ಮಷಿನ್ ನೋಡಲು ಬಂದವರು ಹೇಳಿದ್ದು ಇಷ್ಟೇ: "ಗಾಲಿ ಇರಾದು ಓಡಕ್ಕೆ ಕಣಪ್ಪ, ನಿಲ್ಲಕ್ಕಲ್ಲ. ಕೆಲ್ಸ ಮಾಡುವಾಗ ಮಷಿನ್ನು ತನ್ ಕಾಲ್ ಮೇಲೆ ನಿಂತಿರ್ಬೇಕು." ಈಗ ನನ್ನ ಶೆಡ್ಡಿನಲ್ಲಿರುವ ಎಲ್ಲ ಗಾಲಿ ಚೌಕಟ್ಟುಗಳೂ ಈ ಮಾತಿನ ಮೇಲೆ ಕಟ್ಟಿದವು. ಸರಿಸುವಾಗ ಗಾಲಿ ನೆಲ ಮುಟ್ಟುತ್ತದೆ, ಕೆಲಸ ಮಾಡುವಾಗ ಗಾಲಿ ಗಾಳಿಯಲ್ಲಿರುತ್ತದೆ.

ಯಾವುದಕ್ಕೆ ಗಾಲಿ ಬೇಡ

ಕಬ್ಬಿಣವನ್ನು ತಿರುಗಿಸಿ ಕಡೆಯುವ ಲೇತ್ ಮಷಿನ್ನಿಗೆ ಗಾಲಿ ಹಾಕಬೇಡಿ. ಲೇತಿನ ಬೆಡ್ಡು ನೇರವಾಗಿರುವುದು ಅದು ಕೂತ ಪಾಯದ ಬಲದಿಂದ. ಒಂದು ಕಾಲು ಕೂದಲೆಳೆಯಷ್ಟು ಕೆಳಗಿದ್ದರೂ ಬೆಡ್ಡು ತಿರುಚಿಕೊಂಡು, ಉದ್ದಕ್ಕೂ ಒಂದೇ ದಪ್ಪ ಇರಬೇಕಾದ ಶಾಫ್ಟು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಬರುತ್ತದೆ. ಪವರ್ ಪ್ರೆಸ್ಸಿಗೂ ಬೇಡ, ಅದು ಹೊಡೆತದ ಮಷಿನ್, ನೆಲಕ್ಕೇ ಬೋಲ್ಟು ಹಾಕಬೇಕು. ಬ್ಯಾಂಡ್‌ಸಾ, ಪ್ಲೇನರ್, ಸರ್ಕ್ಯುಲರ್ ಸಾ, ಪಿಲ್ಲರ್ ಡ್ರಿಲ್, ಡಸ್ಟ್ ಕಲೆಕ್ಟರ್, ಬೆಂಚ್ ಗ್ರೈಂಡರಿನ ಸ್ಟ್ಯಾಂಡು, ವೆಲ್ಡಿಂಗ್ ಮೇಜು ಇವಕ್ಕೆಲ್ಲ ಧಾರಾಳವಾಗಿ ಹಾಕಬಹುದು.

ಮೊದಲು ತೂಕ ಮಾಡಿ

ಅಂದಾಜಿಗೆ ಗಾಲಿ ಕೊಳ್ಳಬೇಡಿ. ಮಷಿನ್ನಿನ ಹೆಸರುಪಟ್ಟಿಯಲ್ಲಿ ತೂಕ ಬರೆದಿದ್ದರೆ ಒಳ್ಳೆಯದು, ಹಳೆಯ ಮಷಿನ್‌ಗಳಲ್ಲಿ ಬಹಳ ಸಲ ಇರುವುದಿಲ್ಲ. ಬೆಲ್ಲದ ಮಂಡಿಯಲ್ಲೋ ಗುಜರಿ ಅಂಗಡಿಯಲ್ಲೋ ಇರುವ 300 ಕೆಜಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಒಂದು ಗಂಟೆಯ ಮಟ್ಟಿಗೆ ಕೇಳಿ ತನ್ನಿ. ಇಡೀ ಮಷಿನ್ನನ್ನು ಅದರ ಮೇಲೆ ಎತ್ತಿಡಬೇಕಿಲ್ಲ. ಮುಂದಿನ ಬದಿಯನ್ನು ತಕ್ಕಡಿಯ ಮೇಲಿಡಿ, ಹಿಂದಿನ ಬದಿಯನ್ನು ಅಷ್ಟೇ ಎತ್ತರದ ಮರದ ತುಂಡಿನ ಮೇಲಿಡಿ, ಓದಿ ಬರೆದುಕೊಳ್ಳಿ. ಆಮೇಲೆ ಅದಲುಬದಲು ಮಾಡಿ. ಎರಡೂ ಸೇರಿದರೆ ಪೂರ್ತಿ ತೂಕ.

ನನ್ನ ಬ್ಯಾಂಡ್‌ಸಾ ಮುಂದೆ 128 ಕೆಜಿ, ಹಿಂದೆ 92 ಕೆಜಿ ತೋರಿಸಿತು. ಒಟ್ಟು 220. ಹೀಗೆ ತೂಗುವುದರಲ್ಲಿ ಇನ್ನೊಂದು ಲಾಭವಿದೆ, ಭಾರ ಎಲ್ಲಿ ಕೂತಿದೆ ಎಂದೂ ತಿಳಿಯುತ್ತದೆ. ತೂಗುವಾಗ ಎರಡು ಬದಿಯ ಆಸರೆಗಳ ನಡುವೆ 50 ಸೆಂಮೀ ಇತ್ತು. 128ನ್ನು 220ರಿಂದ ಭಾಗಿಸಿ 50ರಿಂದ ಗುಣಿಸಿದರೆ 29. ಅಂದರೆ ಭಾರದ ನಡುಬಿಂದು ಹಿಂದಿನಿಂದ 29 ಸೆಂಮೀ ದೂರದಲ್ಲಿದೆ, ಮಧ್ಯಕ್ಕಿಂತ 4 ಸೆಂಮೀ ಮುಂದೆ. ಭಾರ ಹೆಚ್ಚಿರುವ ಬದಿಗೆ ನೇರ ಓಡುವ ಗಾಲಿ, ಹಗುರವಿರುವ ಬದಿಗೆ ತಿರುಗುವ ಗಾಲಿ ಹಾಕುತ್ತೇನೆ. ತಿರುಗಿಸುವಾಗ ಕೈಗೆ ಸುಲಭ.

ಗಾಲಿ ಆರಿಸುವುದು

ತೂಕವನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ನೆಲ ಸಮವಿಲ್ಲದ ಕಡೆ ಮಣೆ ಅಲುಗಾಡುವುದನ್ನು ನೋಡಿದ್ದೀರಿ, ಯಾವಾಗಲೂ ಒಂದು ಕಾಲು ಮೇಲೇ ಇರುತ್ತದೆ. ಗಾಲಿಯದೂ ಅದೇ ಕತೆ. ಬ್ಯಾಂಡ್‌ಸಾ 220, ಚೌಕಟ್ಟು ಸುಮಾರು 25, ಒಟ್ಟು 245 ಕೆಜಿ. ಮೂರರಿಂದ ಭಾಗಿಸಿದರೆ ಗಾಲಿಗೆ 82 ಕೆಜಿ. ಸಂದಿಗೆ ಇಳಿದು ಏರುವಾಗ ಬೀಳುವ ಪೆಟ್ಟು ಬೇರೆ. ಹಾಗಾಗಿ 120 ಕೆಜಿಗೆ ಕಡಿಮೆಯದನ್ನು ತರಲಿಲ್ಲ. ಭಾರದ ಅಂಕಿ ಬರೆದಿಲ್ಲದ ಗಾಲಿಯಾದರೆ ಅಂಗಡಿಯವರು ಬಾಯಲ್ಲಿ ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬಿ.

ಅಂಗಡಿಯಲ್ಲಿ ರಿವಾಲ್ವಿಂಗ್ ಎಂದರೆ ಸುತ್ತ ತಿರುಗುವುದು, ಫಿಕ್ಸ್ ಎಂದರೆ ನೇರ ಓಡುವುದು. ಎರಡೆರಡು ತೆಗೆದುಕೊಳ್ಳಿ, ಒಂದೇ ಕಂಪನಿಯದು, ಒಂದೇ ಎತ್ತರದ್ದು. ಅಂಗಡಿಯಲ್ಲೇ ನಾಲ್ಕನ್ನೂ ಗಾಜಿನ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ ಎತ್ತರ ನೋಡಿ. 2 ಎಂಎಂ ವ್ಯತ್ಯಾಸವಿದ್ದರೂ ಬದಲಾಯಿಸಿ ಎಂದು ಕೇಳಿ.

ಗಾಲಿ 4 ಇಂಚಿಗಿಂತ ಸಣ್ಣದು ಬೇಡ. ಎರಡು ಇಂಚಿನ ಗಾಲಿಗೆ ಕಡಪ ಕಲ್ಲಿನ ಸಂದಿಯೇ ಹಳ್ಳ, ಬಿದ್ದ ಒಂದು ಸ್ಕ್ರೂವೇ ಬೆಟ್ಟ. ಮರಗೆಲಸದ ಶೆಡ್ಡಿಗೆ ಎರಕದ ಚಕ್ರದ ಮೇಲೆ ಪಿಯು (ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್) ಹೊದಿಸಿದ್ದು ಅತ್ಯುತ್ತಮ. ನೈಲಾನ್ ಹಗುರವಾಗಿ ಓಡುತ್ತದೆ, ಆದರೆ ಗಡಗಡ ಸದ್ದು, ಕಲ್ಲಿನ ಅಂಚನ್ನು ಒಡೆಯುತ್ತದೆ. ರಬ್ಬರ್ ಗಾಲಿ ತಿಂಗಳುಗಟ್ಟಲೆ ಭಾರ ಹೊತ್ತು ನಿಂತರೆ ಒಂದು ಕಡೆ ಚಪ್ಪಟೆಯಾಗುತ್ತದೆ. ಕಬ್ಬಿಣದ ಚೂರು ಬೀಳುವ ಶಾಪಿಗಾದರೆ ಪಿಯು, ರಬ್ಬರ್ ಎರಡೂ ಬೇಡ, ಚೂರು ಚುಚ್ಚಿಕೊಂಡು ಗಾಲಿ ಮುಳ್ಳುಹಂದಿಯಾಗುತ್ತದೆ. ಅಲ್ಲಿಗೆ ಎರಕದ ಗಾಲಿಯೇ ಸರಿ. ಬ್ರೇಕ್ ಇರುವ ಗಾಲಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಸಾಮಾನ್ಯ ಬ್ರೇಕು ಚಕ್ರ ಉರುಳುವುದನ್ನು ಮಾತ್ರ ತಡೆಯುತ್ತದೆ, ಮೇಲಿನ ತಿರುಗುವ ಭಾಗ ಅಲುಗಾಡುತ್ತಲೇ ಇರುತ್ತದೆ. ಪ್ಲೇನರ್ ಓಡುವಾಗ ಆ ಅಲುಗಾಟ ಮರದ ಮೇಲೆ ಅಲೆಅಲೆಯಾಗಿ ಕಾಣುತ್ತದೆ.

ಉರುಳುವ ಲೆಕ್ಕ

ಇದನ್ನು ಕೂತು ಓದಿ. ನನ್ನ ಹಳೆಯ ಹಲಗೆಯಲ್ಲಿ ಗಾಲಿಗಳ ನಡುವೆ 40 ಸೆಂಮೀ ಅಂತರವಿತ್ತು. ತಿರುಗುವ ಗಾಲಿಯ ಚಕ್ರ ಅದು ಸುತ್ತ ತಿರುಗುವ ನಡುಮೊಳೆಯ ನೇರ ಕೆಳಗೆ ಇರುವುದಿಲ್ಲ, 4 ಇಂಚಿನದರಲ್ಲಿ ಸುಮಾರು 38 ಎಂಎಂ ಪಕ್ಕಕ್ಕೆ ಇರುತ್ತದೆ. ಎರಡೂ ಗಾಲಿ ಒಳಕ್ಕೆ ತಿರುಗಿಕೊಂಡರೆ ನೆಲದ ಮೇಲಿನ ಅಗಲ 40 ಅಲ್ಲ, 32 ಸೆಂಮೀ. ಮಷಿನ್ನಿನ ಭಾರದ ನಡುಬಿಂದು ಬುಡದಿಂದ ಸುಮಾರು 80 ಸೆಂಮೀ ಮೇಲೆ, ಗಾಲಿ 13 ಸೆಂಮೀ ಎತ್ತಿದೆ, ಒಟ್ಟು 93. ಇಷ್ಟು ಕಿರಿದಾದ ಬುಡದ ಮೇಲೆ ಇಷ್ಟು ಎತ್ತರದ ಭಾರ 10 ಡಿಗ್ರಿ ವಾಲಿದರೆ ಉರುಳುತ್ತದೆ. ಇನ್ನೊಂದು ಲೆಕ್ಕ: 220 ಕೆಜಿಯನ್ನು ಆ ಅಗಲದ ಅರ್ಧ 16 ಸೆಂಮೀಯಿಂದ ಗುಣಿಸಿ 150ರಿಂದ ಭಾಗಿಸಿ. ಗಾಲಿ ಸಿಕ್ಕಿಕೊಂಡಿದ್ದರೆ, 5 ಅಡಿ ಎತ್ತರದಲ್ಲಿ 24 ಕೆಜಿ ಬಲ ಸಾಕು ಮಷಿನ್ ಕೆಡವಲು. ನೀರು ತುಂಬಿದ ಒಂದು ದೊಡ್ಡ ಕೊಡ ಎತ್ತುವ ಬಲ. ಅಕ್ಕನ ಮಗನ ಕೈಗೆ ಅದು ಏನೂ ಅಲ್ಲ.

ಇದಕ್ಕೆ ಮದ್ದು ಎರಡು. ಮಷಿನ್ ಕೆಳಗಿರಬೇಕು, ಗಾಲಿ ಹೊರಗಿರಬೇಕು. ಗಾಲಿಯನ್ನು ಮಷಿನ್ನಿನ ಅಡಿಗೆ ಹಾಕದೆ, ಪಕ್ಕಕ್ಕೆ ಚಾಚಿದ ಕೈಗಳಿಗೆ ಹಾಕಿ. ಆಗ ಮಷಿನ್ 13 ಸೆಂಮೀ ಬದಲು 2 ಸೆಂಮೀಯೂ ಏರುವುದಿಲ್ಲ, ಗಾಲಿಗಳ ಅಂತರ 76 ಸೆಂಮೀಗೆ ಹೋಗುತ್ತದೆ. ಉರುಳುವ ಕೋನ 10ರಿಂದ 22 ಡಿಗ್ರಿ ದಾಟುತ್ತದೆ.

ಚೌಕಟ್ಟು

ನನ್ನ ಮಷಿನ್ನಿನ ಬುಡ 560 x 460 ಎಂಎಂ. ನಿಮ್ಮದನ್ನು ಅಳೆದು ನಿಮ್ಮ ಅಂಕಿ ಹಾಕಿಕೊಳ್ಳಿ. ಬುಡದ ಎರಕ ಒಂದೊಂದು ಕಡೆ ಒಂದೊಂದು ಅಳತೆ ಇರುತ್ತದೆ, ಮೂರು ಕಡೆ ಅಳೆದು ದೊಡ್ಡದನ್ನು ಹಿಡಿಯಿರಿ.

50 x 50 x 6 ಎಂಎಂ ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ತೆಗೆದುಕೊಳ್ಳಿ. ಮೀಟರಿಗೆ 4.5 ಕೆಜಿ ತೂಗುತ್ತದೆ. ಗುಜರಿಯಲ್ಲಿ ಒಳ್ಳೆಯದು ಸಿಕ್ಕಿದರೆ ಅದೇ ಸಾಕು, ತುಕ್ಕು ಪದರು ಪದರಾಗಿ ಎದ್ದಿರಬಾರದು ಅಷ್ಟೇ. ಆಂಗಲ್ಲಿನ ಮಲಗಿದ ಭಾಗ ಒಳಕ್ಕೆ ಬಂದು ಮಷಿನ್ನಿನ ಅಡಿಗೆ ಹೋಗಬೇಕು, ನಿಂತ ಭಾಗ ಸುತ್ತ ಗೋಡೆಯಾಗಬೇಕು. ಟ್ರೇಯೊಳಗೆ ಪಾತ್ರೆ ಕೂರಿಸಿದ ಹಾಗೆ ಮಷಿನ್ ಕೂರುತ್ತದೆ. ಒಳಅಳತೆ ಬುಡಕ್ಕಿಂತ 4 ಎಂಎಂ ಜಾಸ್ತಿ ಇರಲಿ, 564 x 464. ಆಂಗಲ್ಲಿನ ದಪ್ಪ ಸೇರಿ ಹೊರಅಳತೆ 576 x 476.

ನಾಲ್ಕು ತುಂಡನ್ನು 45 ಡಿಗ್ರಿಗೆ ಕತ್ತರಿಸಿ, ಮೂಲೆಮಟ್ಟ ಹಿಡಿದು, ಮೂಲೆಗೆ ಒಂದೊಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡು) ಮಾತ್ರ ಕೊಡಿ. ಈಗ ಕರ್ಣ ಅಳೆಯಿರಿ. ಎರಡೂ 747 ಎಂಎಂ ಬರಬೇಕು. 2 ಎಂಎಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಉದ್ದದ ಕರ್ಣದ ಮೂಲೆಗೆ ಮರದ ಸುತ್ತಿಗೆಯಲ್ಲಿ ತಟ್ಟಿ ಸರಿಮಾಡಿ. ಸರಿಯಾದ ಮೇಲೆ ಪೂರ್ತಿ ವೆಲ್ಡು, ಅದೂ ಒಂದು ಮೂಲೆ ಆದಮೇಲೆ ಅದರ ಎದುರು ಮೂಲೆ. (ಮಷಿನ್ನನ್ನು ಹಾರೆಯಲ್ಲಿ ಇಳಿಸುವವರು ಹಿಂದಿನ ಬದಿಯನ್ನು ವೆಲ್ಡು ಮಾಡದೆ ಬೋಲ್ಟಿಗೆ ಬಿಡಿ, ಯಾಕೆಂದು ಮುಂದೆ ಹೇಳಿದ್ದೇನೆ.) ಪಕ್ಕಪಕ್ಕದ್ದನ್ನು ಒಂದೇ ಸಮನೆ ಮಾಡುತ್ತ ಹೋದರೆ ಕಾವಿಗೆ ಚೌಕಟ್ಟು ಹಪ್ಪಳದ ಹಾಗೆ ಮುರುಟುತ್ತದೆ. ವೆಲ್ಡಿಂಗ್ ಬಾರದಿದ್ದರೆ ಬರುವವರಿಂದ ಮಾಡಿಸಿ. ಇದು ಕಲಿಯುವ ಕೆಲಸವಲ್ಲ, ಇದರ ಮೇಲೆ ಭಾರ ಕೂರುತ್ತದೆ.

ಮುಂದಿನದು ಕಂಬ. ಇಲ್ಲಿಯ ಒಂದು ಅಳತೆ ತಪ್ಪಿದರೆ ಎಲ್ಲ ಹಾಳು. ಗಾಲಿಯನ್ನು ನೆಲದ ಮೇಲೆ ನಿಲ್ಲಿಸಿ ಮೇಲಿನ ಪ್ಲೇಟಿನವರೆಗೆ ಅಳೆಯಿರಿ. ನನ್ನದು 132 ಎಂಎಂ ಇತ್ತು. ಓಡುವಾಗ ಚೌಕಟ್ಟಿನ ಅಡಿ ನೆಲದಿಂದ 12 ಎಂಎಂ ಮೇಲಿರಬೇಕು ಎಂದು ಇಟ್ಟುಕೊಂಡೆ. ಗಾಲಿ ಬಿಗಿಯುವ ಪ್ಲೇಟು 6 ಎಂಎಂ. ಹಾಗಾದರೆ ಕಂಬದ ಉದ್ದ: 132 ಕೂಡಿಸು 6, ಕಳೆ 12, ಅಂದರೆ 126 ಎಂಎಂ. 50 x 50 x 3 ಚೌಕ ಪೈಪಿನಲ್ಲಿ ಇಂಥ ನಾಲ್ಕು ತುಂಡು ಕತ್ತರಿಸಿ. ಚೌಕಟ್ಟಿನ ಉದ್ದನೆಯ ಬದಿಗಳ ಹೊರಮೈಗೆ, ಮೂಲೆಯ ಹತ್ತಿರ, ಕಂಬದ ಅಡಿ ಚೌಕಟ್ಟಿನ ಅಡಿಗೆ ಸಮವಾಗಿ ನಿಲ್ಲಿಸಿ ವೆಲ್ಡು ಮಾಡಿ. ಕಂಬದ ತಲೆಯ ಮೇಲೆ ಅದೇ ಪೈಪಿನ 200 ಎಂಎಂ ಕೈ ಹೊರಕ್ಕೆ ಚಾಚಿ ಮಲಗಿಸಿ. ಕೈಯ ತುದಿಯ ಅಡಿಗೆ 6 ಎಂಎಂ ಪ್ಲೇಟು, ಅದಕ್ಕೆ ಗಾಲಿ.

12 ಎಂಎಂ ಕಡಿಮೆ ಆಯಿತಲ್ಲ ಎನ್ನಿಸಬಹುದು. ನಮ್ಮ ನೆಲದಲ್ಲಿ ಅಷ್ಟು ಸಾಕು. ನಿಮ್ಮ ನೆಲ ತೀರಾ ಉಬ್ಬುತಗ್ಗಾಗಿದ್ದರೆ 20 ಇಟ್ಟುಕೊಳ್ಳಿ, ಕಂಬ ಅಷ್ಟು ಗಿಡ್ಡವಾಗುತ್ತದೆ.

ತಿರುಗುವ ಗಾಲಿ ಪೂರ್ತಿ ಸುತ್ತುವಾಗ ಕಂಬಕ್ಕೆ ತಾಗಬಾರದು. ಪಕ್ಕಕ್ಕಿರುವ 38, ಚಕ್ರದ ಅರ್ಧ 50, ಸೇರಿ 88 ಎಂಎಂ. ಹಾಗಾಗಿ ಗಾಲಿಯ ನಡುಮೊಳೆ ಕಂಬದ ಮೈಯಿಂದ 95 ಎಂಎಂ ಆಚೆ ಇರಲಿ. ಕೈಗೂ ಕಂಬಕ್ಕೂ ನಡುವಿನ ಮೂಲೆಯಲ್ಲಿ 5 ಎಂಎಂ ತಗಡಿನ ತ್ರಿಕೋನವನ್ನು ಆನಿಸಿ ವೆಲ್ಡು ಮಾಡಿ, ಗಾಲಿಗೆ ತಾಗದಷ್ಟು ಸಣ್ಣದಿರಲಿ.

ಗಾಲಿಯನ್ನು ಪ್ಲೇಟಿಗೆ ವೆಲ್ಡು ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕಾವಿಗೆ ಒಳಗಿನ ಗ್ರೀಸು ಸುಟ್ಟುಹೋಗುತ್ತದೆ, ಬೇರಿಂಗಿನ ಗುಂಡುಗಳು ಓಡುವ ದಾರಿ ಕೆಡುತ್ತದೆ, ಮೇಲಿನ ಜಿಂಕ್ ಲೇಪ ಉರಿದು ಬರುವ ಬಿಳಿ ಹೊಗೆ ಎದೆಗೆ ಹೋದರೆ ರಾತ್ರಿಯೆಲ್ಲ ಚಳಿಜ್ವರ. ನಾಲ್ಕು ತೂತು ಕೊರೆದು, ಅಲುಗಾಟಕ್ಕೆ ಸುಲಭವಾಗಿ ಸಡಿಲವಾಗದ ನೈಲಾಕ್ ನಟ್ಟು ಹಾಕಿ ಬಿಗಿಯಿರಿ. ನಾಳೆ ಗಾಲಿ ಸವೆದರೆ ಬದಲಾಯಿಸಲೂ ಬೇಕಲ್ಲ.

ಕಾಲು ಬೋಲ್ಟು

ಭಾವ ಹೇಳಿದ ಕಾಲು ಇದು. ಚೌಕಟ್ಟಿನ ಮುಂದಿನ, ಹಿಂದಿನ ಬದಿಗಳ ಹೊರಮೈಗೆ, ಮೂಲೆಗೆ ಆದಷ್ಟು ಹತ್ತಿರ, 70 x 70 x 10 ಎಂಎಂ ಪ್ಲೇಟನ್ನು ಕಿವಿಯ ಹಾಗೆ ಮಲಗಿಸಿ ವೆಲ್ಡು ಮಾಡಿ. ಒಟ್ಟು ನಾಲ್ಕು. ಒಂದೊಂದಕ್ಕೂ 17 ಎಂಎಂ ತೂತು, ಅದಕ್ಕೆ 16 ಎಂಎಂ ನಟ್ಟು.

ನಟ್ಟನ್ನು ಪ್ಲೇಟಿನ ಮೇಲಲ್ಲ, ಅಡಿಗೆ ವೆಲ್ಡು ಮಾಡಿ. ಬೋಲ್ಟು ನೆಲವನ್ನು ಒತ್ತಿದಾಗ ನೆಲ ಬೋಲ್ಟನ್ನು ಮೇಲಕ್ಕೆ ನೂಕುತ್ತದೆ, ಬೋಲ್ಟು ನಟ್ಟನ್ನು ಮೇಲಕ್ಕೆ ನೂಕುತ್ತದೆ. ನಟ್ಟು ಅಡಿಯಲ್ಲಿದ್ದರೆ ಪ್ಲೇಟಿಗೇ ಒತ್ತಿಕೊಂಡು ಭಾರವನ್ನು ಪ್ಲೇಟು ಹೊರುತ್ತದೆ. ಮೇಲಿದ್ದರೆ ಇಡೀ ಭಾರ ಆ ಸಣ್ಣ ವೆಲ್ಡಿನ ಮೇಲೆ ಬಿದ್ದು, ಒಂದು ದಿನ ಕಿತ್ತು ಬರುತ್ತದೆ. ವೆಲ್ಡು ಮಾಡುವಾಗ ಹಳೆಯ ಬೋಲ್ಟೊಂದಕ್ಕೆ ಗ್ರೀಸು ಸವರಿ ನಟ್ಟಿನೊಳಗೆ ಹಾಕಿಟ್ಟಿರಿ, ಕಿಡಿ ಸಿಡಿದು ಮರೆ (ಒಳಗಿನ ಸುರುಳಿ ಗೆರೆ) ಹಾಳಾಗುವುದಿಲ್ಲ.

120 ಎಂಎಂ ಉದ್ದದ, ತಲೆಯವರೆಗೂ ಮರೆಯಿರುವ ಬೋಲ್ಟು ತನ್ನಿ. ತುದಿಯನ್ನು ಗ್ರೈಂಡರಿನಲ್ಲಿ ಗುಂಡಗೆ ಮಾಡಿ. ಅದರ ಕೆಳಗಿಡಲು 75 ಎಂಎಂ ಅಗಲದ, 8 ಎಂಎಂ ದಪ್ಪದ ನಾಲ್ಕು ಬಿಲ್ಲೆ ಮಾಡಿ. ಮೇಲ್ಗಡೆ ನಡುವೆ ದೊಡ್ಡ ಡ್ರಿಲ್ಲಿನಲ್ಲಿ ಸ್ವಲ್ಪ ಗುಳಿ ತೆಗೆಯಿರಿ, ಕೆಳಗಡೆಗೆ ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಅಂಟಿಸಿ. ಬಿಲ್ಲೆಗಳು ಕಳೆಯದಂತೆ ಸಣ್ಣ ಸರಪಳಿಯಲ್ಲಿ ಚೌಕಟ್ಟಿಗೇ ಕಟ್ಟಿ.

16 ಎಂಎಂ ಬೋಲ್ಟಿನ ಮರೆ ಒಂದು ಸುತ್ತಿಗೆ 2 ಎಂಎಂ ಇಳಿಯುತ್ತದೆ. ನಾಲ್ಕೂ ಬಿಲ್ಲೆ ಮುಟ್ಟುವವರೆಗೆ ಕೈಯಲ್ಲೇ ತಿರುಗಿಸಿ, ಆಮೇಲೆ 24ರ ಸ್ಪ್ಯಾನರಿನಲ್ಲಿ ಸರದಿಯಂತೆ ಒಂದೊಂದಕ್ಕೂ ಅರ್ಧ ಸುತ್ತು. ಒಂದೊಂದಕ್ಕೂ ಮೂರು ಸುತ್ತು ಮುಗಿದಾಗ ಗಾಲಿಗಳು 6 ಎಂಎಂ ಮೇಲೆದ್ದಿರುತ್ತವೆ. ಪ್ರತಿ ಗಾಲಿಯನ್ನೂ ಬೆರಳಲ್ಲಿ ತಿರುಗಿಸಿ ನೋಡಿ, ನಾಲ್ಕೂ ಗಾಳಿಯಲ್ಲಿ ಸಲೀಸಾಗಿ ಸುತ್ತಬೇಕು. ಮೇಜಿನ ಮೇಲೆ ರಸಮಟ್ಟ ಇಟ್ಟು ಸಮ ಮಾಡಿ, ಬೋಲ್ಟು ತಾನಾಗಿ ತಿರುಗದಂತೆ ತಡೆಯುವ ಚೆಕ್‌ನಟ್ಟು ಬಿಗಿಯಿರಿ. ರೂಢಿಯಾದ ಮೇಲೆ ರಾಚೆಟ್ಟಿನಲ್ಲಿ ಎರಡು ನಿಮಿಷದ ಕೆಲಸ.

ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೋಟು, ಎನಾಮಲ್ ಎರಡು ಕೋಟು. ಹೊರಗೆ ಚಾಚಿದ ಕೈಗಳಿಗೆ ಹಳದಿ ಬಳಿಯಿರಿ, ಕಾಲಿಗೆ ಎಡವದಂತೆ ಕಣ್ಣಿಗೆ ಬೀಳಲಿ.

ಮಷಿನ್ನನ್ನು ಚೌಕಟ್ಟಿಗೆ ಇಳಿಸುವುದು

ಚೈನ್ ಪುಲ್ಲಿ ಇದ್ದು, ಅದನ್ನು ನೇತುಹಾಕಲು ಗಟ್ಟಿ ತೊಲೆ ಇದ್ದರೆ ಅದೇ ಒಳ್ಳೆಯದು. ಸಿಮೆಂಟ್ ಶೀಟಿನ ಶೆಡ್ಡಿನ ಪೈಪಿಗೆ ಮಾತ್ರ ನೇತುಹಾಕಬೇಡಿ. ನಮ್ಮಲ್ಲಿ ಹಾರೆ, ಮರದ ತುಂಡುಗಳಲ್ಲೇ ಮಾಡಿದೆವು. ಹಾರೆಯಿಂದ ಒಂದು ಬದಿಯನ್ನು ಒಂದು ಇಂಚು ಮೀಟಿ, ತುಂಡು ಕೊಟ್ಟು, ಎದುರು ಬದಿಗೆ ಹೋಗುವುದು. ಒಂದೇ ಬದಿಯನ್ನು ಎತ್ತುತ್ತಲೇ ಹೋಗಬಾರದು. ಬುಡ ಬೇಕಾದಷ್ಟು ಎತ್ತರಕ್ಕೆ ಬಂದಾಗ ಚೌಕಟ್ಟನ್ನು ಅಡಿಗೆ ನುಗ್ಗಿಸಲು ಎರಡು ಬದಿಯ ತುಂಡುಗಳು ಅಡ್ಡ ಬರುತ್ತವೆ. ಅದಕ್ಕೇ ನಾವು ಚೌಕಟ್ಟಿನ ಹಿಂದಿನ ಬದಿಯನ್ನು ವೆಲ್ಡು ಮಾಡದೆ ಬೋಲ್ಟಿನಲ್ಲಿ ಬಿಟ್ಟಿದ್ದೆವು. ಮೂರು ಬದಿಯ ಚೌಕಟ್ಟನ್ನು ಮುಂದಿನಿಂದ ತಳ್ಳಿ, ನಾಲ್ಕನೆಯ ಬದಿಯನ್ನು ಕೊನೆಗೆ ಬಿಗಿದು, ತುಂಡುಗಳನ್ನು ಒಂದೊಂದೇ ತೆಗೆಯುತ್ತ ಇಳಿಸಿದೆವು. ನೀವೂ ಹಾರೆಯಲ್ಲೇ ಮಾಡುವುದಾದರೆ ಮೊದಲೇ ಹೀಗೆ ಯೋಚಿಸಿ, ಒಂದು ಬದಿಯ ಎರಡು ಮೂಲೆಗಳಲ್ಲಿ 12 ಎಂಎಂ ಬೋಲ್ಟು ಎರಡೆರಡು ಇರಲಿ.

ತುಂಡು ಇಡುವಾಗ ಬೆರಳು ಅಡಿಗೆ ಹೋಗಬಾರದು, ಇನ್ನೊಂದು ತುಂಡಿನಿಂದ ನೂಕಿ. ಬರಿಗಾಲು, ಚಪ್ಪಲಿ ಎರಡೂ ಬೇಡ. ಮಷಿನ್ ವಾಲಿದರೆ ಯಾರೂ ಹಿಡಿಯಬಾರದು, ಬಿಟ್ಟು ಸರಿಯಬೇಕು ಎಂದು ಕೆಲಸ ಶುರುವಾಗುವ ಮೊದಲೇ ಎಲ್ಲರಿಗೂ ಹೇಳಿ, ಅವರ ಬಾಯಲ್ಲೂ ಒಂದು ಸಲ ಹೇಳಿಸಿ.

ಕೂತ ಮೇಲೆ ಮಷಿನ್ನಿನ ಬುಡದ ತೂತುಗಳಿಂದ ಆಂಗಲ್ಲಿಗೆ ಬೋಲ್ಟು ಹಾಕಿ. ಚೌಕಟ್ಟಿಗೆ ಇನ್ನೇನಾದರೂ ವೆಲ್ಡು ಉಳಿದಿದ್ದರೆ ಮಷಿನ್ ಮೇಲಿರುವಾಗ ಮಾಡಬೇಡಿ, ಕರೆಂಟು ಬೇರಿಂಗಿನೊಳಗೆ ಹರಿದು ಹೋದರೆ ಬೇರಿಂಗು ಹಾಳು.

ಉದ್ದನೆಯ ಮಷಿನ್ನಿಗೆ ಬೇರೆ ಉಪಾಯ

ಪ್ಲೇನರ್ ನನ್ನದು 340 ಕೆಜಿ, ಅದಕ್ಕೆ ಈ ಚೌಕಟ್ಟು ಮಾಡಲಿಲ್ಲ. ಹಿಂದಿನ ಕಾಲುಗಳಿಂದ 15 ಸೆಂಮೀ ಆಚೆಗೆ ಎರಡು ಫಿಕ್ಸ್ ಗಾಲಿ ಬಿಗಿದೆ, ಮಷಿನ್ ಸಮವಾಗಿ ನಿಂತಾಗ ಗಾಲಿ ನೆಲದಿಂದ 2 ಎಂಎಂ ಮೇಲಿರುವ ಹಾಗೆ. ಮುಂದಿನ ತುದಿಗೆ ಒಂದು ಗಟ್ಟಿ ಕೊಂಡಿ. ಬೇರೆಯಾಗಿ ಒಂದು ಕೈಗಾಡಿ ಮಾಡಿಕೊಂಡೆ: ಜೋಡಿ ಗಾಲಿ, ಅಚ್ಚಿನಿಂದ 12 ಸೆಂಮೀ ಮುಂದೆ ಕೊಕ್ಕೆ, ಹಿಂದಕ್ಕೆ 120 ಸೆಂಮೀ ಹಿಡಿ. ಕೊಕ್ಕೆಯನ್ನು ಕೊಂಡಿಗೆ ಸಿಕ್ಕಿಸಿ ಹಿಡಿ ಒತ್ತಿದರೆ ಮುಂದಿನ ತುದಿ ಏಳುತ್ತದೆ. 150 ಕೆಜಿ ಎತ್ತಲು 15 ಕೆಜಿ ಒತ್ತಿದರೆ ಸಾಕು. ಮುಂದಿನದು 7 ಸೆಂಮೀ ಎದ್ದಾಗ ಹಿಂದಿನ ಭಾರ ಗಾಲಿಗೆ ಬಂದು, ಹಿಂದಿನ ಕಾಲುಗಳು ನೆಲದಿಂದ ಸುಮಾರು 6 ಎಂಎಂ ಬಿಡುತ್ತವೆ. ಹಿಡಿ ಬಿಟ್ಟರೆ ಮಷಿನ್ ತನ್ನ ನಾಲ್ಕು ಕಾಲಿನ ಮೇಲೆ ಕೂರುತ್ತದೆ, ಬೋಲ್ಟು ತಿರುಗಿಸುವ ಕೆಲಸವಿಲ್ಲ. ಅದೇ ಕೈಗಾಡಿ ಸರ್ಕ್ಯುಲರ್ ಸಾಗೂ ಆಗುತ್ತದೆ, ಕೊಂಡಿ ಒಂದೇ ಎತ್ತರದಲ್ಲಿದ್ದರಾಯಿತು. ಆದರೆ ಬ್ಯಾಂಡ್‌ಸಾದಂಥ ಎತ್ತರದ ಮಷಿನ್ನಿಗೆ ಇದನ್ನು ಮಾಡಬೇಡಿ, ಓರೆ ಮಾಡಿ ಓಡಿಸುವುದು ಗಿಡ್ಡ, ಉದ್ದನೆಯ ಮಷಿನ್ನಿಗೆ ಮಾತ್ರ.

ಪಿಲ್ಲರ್ ಡ್ರಿಲ್ಲಿಗೆ 18 ಎಂಎಂ ಪ್ಲೈವುಡ್ ಎರಡನ್ನು ಅಂಟಿಸಿದ ಹಲಗೆ, ಬುಡಕ್ಕಿಂತ ಎಲ್ಲ ಕಡೆ ಒಂದು ಗೇಣು ಅಗಲ. ಅಷ್ಟೇ.

ಕರೆಂಟು

ಮಷಿನ್ ಸರಿಯತೊಡಗಿದರೆ ವೈರೂ ಸರಿಯುತ್ತದೆ. ತ್ರೀ ಫೇಸ್ ಮೋಟಾರಿಗೆ 2.5 ಸ್ಕ್ವೇರ್ ಎಂಎಂ ತಾಮ್ರದ ನಾಲ್ಕು ಕೋರಿನ ಫ್ಲೆಕ್ಸಿಬಲ್ ಕೇಬಲ್, ಇಂಡಸ್ಟ್ರಿಯಲ್ ಪ್ಲಗ್ಗು ಹಾಕಿಸಿದೆ. ನಾಲ್ಕನೆಯ ಕೋರು ಅರ್ಥಿಂಗಿಗೆ, ಅದನ್ನು ಬಿಡುವ ಹಾಗೇ ಇಲ್ಲ. ಶೆಡ್ಡಿನ ಮೂರು ಕಡೆ ಸಾಕೆಟ್ಟು ಮಾಡಿಸಿದಾಗ ಒಂದು ಪಾಠವಾಯಿತು. ಒಂದು ಸಾಕೆಟ್ಟಿನಲ್ಲಿ ಎರಡು ಫೇಸು ಅದಲುಬದಲಾಗಿತ್ತು. ತ್ರೀ ಫೇಸಿನಲ್ಲಿ ಹಾಗಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಸರ್ಕ್ಯುಲರ್ ಸಾ ಉಲ್ಟಾ ತಿರುಗಿದರೆ ಏನಾಗುತ್ತದೆ ಎಂದು ಕೆಲಸದವರಿಗೆ ಬಿಡಿಸಿ ಹೇಳಬೇಕಿಲ್ಲ. ಎಲ್ಲ ಸಾಕೆಟ್ಟಿನಲ್ಲೂ ಫೇಸುಗಳು ಒಂದೇ ಕ್ರಮದಲ್ಲಿರಲಿ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿ. ಹೊಸ ಸಾಕೆಟ್ಟಿಗೆ ಹಾಕಿದಾಗಲೆಲ್ಲ ಮರ ಕೊಡುವ ಮೊದಲು ಒಂದು ಕ್ಷಣ ಆನ್ ಆಫ್ ಮಾಡಿ ತಿರುಗುವ ದಿಕ್ಕು ನೋಡಿ. ಕೇಬಲ್ಲನ್ನು ನೆಲದ ಮೇಲೆ ಬಿಡದೆ ಮೇಲಿನಿಂದ ಇಳಿಬಿಡಿ. ಗಾಲಿ ಅದರ ಮೇಲೆ ಒಂದು ಸಲ ಹರಿದರೂ ಒಳಗಿನ ತಂತಿ ಕಡಿಯಬಹುದು.

ಸರಿಸುವಾಗ

ಪ್ಲಗ್ಗು ತೆಗೆದಿರಬೇಕು. ದಾರಿ ಗುಡಿಸಿರಬೇಕು. ಕೈ ಸೊಂಟಕ್ಕಿಂತ ಕೆಳಗಿರಬೇಕು, ಮಷಿನ್ನಿನ ಬುಡದ ಹತ್ತಿರ. ನೆಲದ ಸಂದಿ, ಗುಳಿಗಳನ್ನು 1:3 ಸಿಮೆಂಟ್ ಮರಳಿನಲ್ಲಿ ಮೊದಲೇ ತುಂಬಿಸಿ. ಹೊಸ್ತಿಲು ದಾಟಿಸಬೇಕಾದರೆ 2 ಇಂಚು ಎತ್ತರಕ್ಕೆ 2 ಅಡಿ ಉದ್ದದ ಇಳಿಜಾರು ಹಲಗೆ ಇಡಿ. ಆ ಇಳಿಜಾರಿನಲ್ಲಿ 245 ಕೆಜಿಯನ್ನು ಏರಿಸಲು ಸಾಮಾನ್ಯ ತಳ್ಳುವಿಕೆಯ ಮೇಲೆ ಇನ್ನೂ 20 ಕೆಜಿ ಬಲ ಬೇಕು, ಇಳಿಸುವಾಗ ಅಷ್ಟೇ ಬಲ ನಿಮ್ಮ ಕಡೆಗೆ ಬರುತ್ತದೆ. ಇಬ್ಬರು ಬೇಕು, ಮೂರನೆಯವರ ಕೈಯಲ್ಲಿ ಮರದ ಬೆಣೆ ಇರಬೇಕು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ನೋಡಿದವರಿಗೆ ಇದು ಗೊತ್ತು. ಹಗ್ಗ ಎಳೆಯುವವರು ಸಾವಿರ ಜನ, ಆದರೆ ತೇರು ನಿಲ್ಲುವುದು ಚಕ್ರದ ಪಕ್ಕದಲ್ಲಿ ಬೆಣೆ ಹಿಡಿದು ನಡೆಯುವವರಿಂದ. ನಮ್ಮ ಮೂರನೆಯವನೂ ಹಾಗೆಯೇ ಗಾಲಿಯನ್ನೇ ನೋಡುತ್ತಿರಬೇಕು, ಮಾತಿಗೆ ನಿಲ್ಲಬಾರದು.

ಮೊದಲ ವಾರ ಆದಮೇಲೆ ಗಾಲಿಯ ಬೋಲ್ಟುಗಳನ್ನೆಲ್ಲ ಒಮ್ಮೆ ಬಿಗಿಯಿರಿ, ಖಂಡಿತ ಒಂದೆರಡು ಸಡಿಲವಾಗಿರುತ್ತವೆ. ತಿಂಗಳಿಗೊಮ್ಮೆ ಗಾಲಿಯ ಅಚ್ಚಿಗೆ ಸುತ್ತಿಕೊಂಡ ಮರದ ಹೊಟ್ಟು, ದಾರ ತೆಗೆದು ಒಂದು ತೊಟ್ಟು ಎಣ್ಣೆ ಬಿಡಿ. ಕಾಲು ಬೋಲ್ಟಿನ ಮರೆಗೆ ಗ್ರೀಸು ಸವರಿ.

ಕಳೆದ ಆಯುಧಪೂಜೆಗೆ ಎಲ್ಲ ಮಷಿನ್‌ಗಳನ್ನೂ ಸರಿಸಿ ಗೋಡೆಯ ಬುಡದವರೆಗೆ ಗುಡಿಸಿದೆವು. ಪೂಜೆಯಾದ ಮೇಲೆ ಅಕ್ಕನ ಮಗ ನಾಲ್ಕು ನಿಂಬೆಹಣ್ಣು ಹಿಡಿದು ಬಂದ. "ಮಾವ, ಗಾಡಿಗೆ ಇಡ್ತೀವಲ್ಲ, ಇದಕ್ಕೂ ಗಾಲಿ ಇದೆಯಲ್ಲ." ಬ್ಯಾಂಡ್‌ಸಾ ಕಾಲು ಬೋಲ್ಟಿನ ಮೇಲೆ ನಿಂತಿತ್ತು. ಅವನೇ ರಾಚೆಟ್ ತಗೊಂಡು ನಾಲ್ಕನ್ನೂ ಸರದಿಯಂತೆ ಅರ್ಧರ್ಧ ಸುತ್ತು ಸಡಿಲಿಸಿ, ಗಾಲಿ ನೆಲಕ್ಕೆ ತಂದು, ಬಿಲ್ಲೆಗಳನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿದ. ಕೈಯನ್ನು ಬುಡದ ಹತ್ತಿರ ಕೊಟ್ಟು ತಳ್ಳಿದ. ನಿಂಬೆಹಣ್ಣು ಒಡೆಯಿತು. ನೀವೂ ಇಡುವುದಾದರೆ ರಸ ಬಿದ್ದ ಕಡೆ ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎಣ್ಣೆ ಸವರಿಬಿಡಿ. ಹುಳಿ ಕಬ್ಬಿಣಕ್ಕೆ ಆಗಿಬರುವುದಿಲ್ಲ.